ಉಗಿ ಎಂಜಿನ್ನಿಗೆ ಹಳೇ ಮೀಟರ್: ಚೋರ್ ಬಜಾರಿನಲ್ಲಿ ಏನು ನೋಡಬೇಕು, ದಾರೂಖಾನಾಕ್ಕೆ ಯಾಕೆ ಹೋಗಬೇಕು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಯಲ್ಲಿ ಹಿತ್ತಾಳೆ ಬಳೆ ತೊಟ್ಟ, ಊಟದ ತಟ್ಟೆಯಷ್ಟು ಅಗಲದ ಆಮ್ಮೀಟರ್ (ಕರೆಂಟು ಅಳೆಯುವ ಮೀಟರ್) ಕಂಡರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ನೀವು ದುರಸ್ತಿ ಮಾಡಿ ಓಡಿಸುವ ಹಳೇ ಉಗಿ ಎಂಜಿನ್ನಿನ ಡೈನಮೋ ಎಷ್ಟು ವೋಲ್ಟಿನದು, ಎಷ್ಟು ಆಂಪಿಯರಿನದು ಎಂದು ಚೀಟಿಯಲ್ಲಿ ಬರೆದುಕೊಳ್ಳದೆ ಕೊಂಡ ಮೀಟರ್ ಕೊನೆಗೆ ಗೋಡೆಗೆ ಮೊಳೆ ಹೊಡೆಯುವ ಕೆಲಸ ಹಚ್ಚುತ್ತದೆ, ಅಷ್ಟೇ. ಈ ಬಜಾರಿನಲ್ಲಿ ಮುಖಕ್ಕೆ ಬೆಲೆ ಕಟ್ಟುತ್ತಾರೆ. ನಮಗೆ ಬೇಕಾದ್ದು ಒಳಗಿನ ಯಂತ್ರ.

ಉಗಿ ಎಂಜಿನ್ನಿನ ಮೇಲೆ ವಿದ್ಯುತ್ ಮೀಟರ್ ಎಲ್ಲಿಂದ ಬಂತು ಎನ್ನುವವರಿಗೆ ಎರಡು ಮಾತು. ಇಂಗ್ಲೆಂಡಿನ ಜಾತ್ರೆಗಳಿಗೆ ತಿರುಗುತ್ತಿದ್ದ ರೋಡ್ ಎಂಜಿನ್ನುಗಳಲ್ಲಿ ಚಿಮಣಿಯ ಮುಂದೆ ಒಂದು ಬ್ರ್ಯಾಕೆಟ್, ಅದರ ಮೇಲೆ ಡೈನಮೋ, ಫ್ಲೈವೀಲಿನಿಂದ ಅದಕ್ಕೆ ಬೆಲ್ಟ್. ಥೆಟ್‌ಫೋರ್ಡಿನ ಬರೆಲ್, ಲೀಡ್ಸ್‌ನ ಫೌಲರ್, ಲಿಂಕನ್ನಿನ ಫಾಸ್ಟರ್ ಇಂಥ ಎಂಜಿನ್ ಕಟ್ಟಿದವರು. ಸಾಮಾನ್ಯವಾಗಿ 110 ವೋಲ್ಟ್ ಡಿಸಿ. ನಮ್ಮ ಕಡೆ ಉಳಿದಿರುವುದು ಹೆಚ್ಚಾಗಿ ಪಿಡಬ್ಲ್ಯುಡಿ ಅಂಗಳದ ಉಗಿ ರೋಲರುಗಳು, ಅವಕ್ಕೆ ಹುಟ್ಟಿನಿಂದ ದೀಪದ ವ್ಯವಸ್ಥೆ ಇರಲಿಲ್ಲ. ಹಾಗಾಗಿ ‘ಒರಿಜಿನಲ್ ಮೀಟರ್’ ಎಂಬ ಮಾತಿಗೆ ಇಲ್ಲಿ ಅರ್ಥ ಕಡಿಮೆ. ಎಂಜಿನ್ನಿನ ಕಾಲಕ್ಕೆ ಒಪ್ಪುವ ಮೀಟರ್ ಸಿಕ್ಕರೆ ಸಾಕು. ಮೇಕ್ ಯಾವುದು ಎಂದು ತಲೆಕೆಡಿಸಿಕೊಳ್ಳುವವರಿಗೆ ಕ್ರಾಂಪ್ಟನ್ ಚೆನ್ನಾಗಿ ಹೊಂದುತ್ತದೆ: ಆರ್.ಇ.ಬಿ. ಕ್ರಾಂಪ್ಟನ್ 1870ರ ದಶಕದಲ್ಲಿ ಸೈನ್ಯದ ಅಧಿಕಾರಿಯಾಗಿ ಇದೇ ದೇಶದ ರಸ್ತೆಗಳಲ್ಲಿ ಉಗಿ ಬಂಡಿ ಓಡಿಸಿದವನು, 1878ರಲ್ಲಿ ಚೆಮ್ಸ್‌ಫೋರ್ಡಿನಲ್ಲಿ ವಿದ್ಯುತ್ ಕಂಪನಿ ಶುರುಮಾಡಿದ. ಆ ಹೆಸರು 1937ರಲ್ಲಿ ಕ್ರಾಂಪ್ಟನ್ ಪಾರ್ಕಿನ್ಸನ್ ಆಗಿ ಮುಂಬಯಿಗೆ ಬಂತು. ಎವರೆಟ್ ಎಡ್ಜ್‌ಕಂಬ್, ಎವರ್‌ಶೆಡ್ ಅಂಡ್ ವಿಗ್ನೋಲ್ಸ್, ಎಲಿಯಟ್ ಬ್ರದರ್ಸ್, ನಾಲ್ಡರ್ ಬ್ರದರ್ಸ್, ಫೆರಾಂಟಿ ಹೆಸರುಗಳೂ ಸಲ್ಲುತ್ತವೆ. 1920ರ ದಶಕದ ಎಂಜಿನ್ನಿಗೆ ಚೌಕದ ಬೇಕಲೈಟ್ ಮೀಟರ್ ಹಾಕಿದರೆ ಮಾತ್ರ ಪಂಚೆಗೆ ಟೈ ಕಟ್ಟಿದ ಹಾಗೆ.

ಈಗ ಲೆಕ್ಕ. ಡೈನಮೋದ ಪ್ಲೇಟಿನಲ್ಲಿ 110 ವೋಲ್ಟ್, 45 ಆಂಪಿಯರ್ ಎಂದಿದೆ ಅಂದುಕೊಳ್ಳಿ, ಹತ್ತಿರ ಹತ್ತಿರ 5 ಕಿಲೋವ್ಯಾಟ್. ಮುಳ್ಳು ದಿನದ ಓಟದಲ್ಲಿ ಸ್ಕೇಲಿನ ಮೂರನೇ ಎರಡರಿಂದ ಮುಕ್ಕಾಲರ ನಡುವೆ ನಿಲ್ಲಬೇಕು. ಅಂದರೆ ವೋಲ್ಟ್‌ಮೀಟರ್ 0–150, ಆಮ್ಮೀಟರ್ 0–60. ‘0–120 ಸಿಕ್ಕಿದೆ, ನಡೆಯಲ್ಲವೇ’ ಎಂದು ಕೇಳುವವರಿದ್ದಾರೆ. ನಡೆಯುವುದಿಲ್ಲ. ಉಗಿ ಎಂಜಿನ್ನಿನಲ್ಲಿ ಲೋಡು ಒಮ್ಮೆಲೇ ತೆಗೆದರೆ ಗವರ್ನರ್ (ವೇಗವನ್ನು ಹತೋಟಿಯಲ್ಲಿಡುವ ಭಾಗ) ಹಿಡಿಯುವಷ್ಟರಲ್ಲಿ ವೇಗ ಏರುತ್ತದೆ. ಷಂಟ್ ಡೈನಮೋದ (ತನ್ನ ಅಯಸ್ಕಾಂತದ ಸುರುಳಿಗೆ, ಅಂದರೆ ಫೀಲ್ಡಿಗೆ, ತಾನೇ ಕರೆಂಟು ಕೊಡುವಂಥದ್ದು) ವೋಲ್ಟೇಜು ವೇಗಕ್ಕಿಂತ ಜೋರಾಗಿ ಏರುತ್ತದೆ, ಯಾಕೆಂದರೆ ವೇಗದ ಜೊತೆಗೆ ಫೀಲ್ಡ್ ಕರೆಂಟೂ ಏರುತ್ತದೆ. ಮುಳ್ಳು ಕೊನೆಯ ಗೂಟಕ್ಕೆ ಬಡಿದು ಬಾಗುವುದು ಆಗಲೇ. 24 ವೋಲ್ಟಿನ ಟರ್ಬೋ ಜನರೇಟರ್ (ಉಗಿಯ ಟರ್ಬೈನಿನಿಂದ ತಿರುಗುವಂಥದ್ದು) ಇಟ್ಟವರು 0–40 ಹುಡುಕಲಿ, 0–30 ಆದರೂ ಆದೀತು.

ರೇಂಜಿನ ನಂತರ ನೋಡಬೇಕಾದ್ದು ಒಂದೇ ಒಂದು, ಅದನ್ನು ನೋಡದೆಯೇ ಹೆಚ್ಚಿನವರು ದುಡ್ಡು ಕೊಡುತ್ತಾರೆ: ಮುಳ್ಳನ್ನು ಸೊನ್ನೆಗೆ ಎಳೆಯುವುದು ಯಾವುದು? ತೀರಾ ಹಳೆಯ ಮೂವಿಂಗ್ ಐರನ್ (ಸುರುಳಿಯೊಳಗಿನ ಕಬ್ಬಿಣದ ತುಂಡು ಅಲುಗುವ) ಮೀಟರುಗಳಲ್ಲಿ ಸ್ಪ್ರಿಂಗ್ ಇಲ್ಲ, ಪುಟ್ಟ ತೂಕವೊಂದು ಜೋತುಬಿದ್ದು ಮುಳ್ಳನ್ನು ಕೆಳಗೆಳೆಯುತ್ತದೆ. ಪವರ್‌ಹೌಸಿನ ಗೋಡೆಗೆ ಅದು ಸರಿ. ಕಬ್ಬಿಣದ ಚಕ್ರದ ಮೇಲೆ ಕುಲುಕುತ್ತಾ ಹೋಗುವ ಎಂಜಿನ್ನಿನ ಮೇಲೆ, ಏರಿನಲ್ಲಿ ಒಂದು ಓದು, ಇಳಿಜಾರಿನಲ್ಲಿ ಇನ್ನೊಂದು. ಪರೀಕ್ಷೆ ಸುಲಭ. ಮೀಟರನ್ನು ನೆಟ್ಟಗೆ ಹಿಡಿಯಿರಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಅಂಗಾತ ಮಲಗಿಸಿ. ಮುಳ್ಳು ಸೊನ್ನೆಯಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಸ್ಪ್ರಿಂಗಿನದು, ಬ್ಯಾಲೆನ್ಸೂ ಚೆನ್ನಾಗಿದೆ. ವಾಲಿಸಿದ ಕಡೆಗೆಲ್ಲ ಓಡಿದರೆ ತೂಕದ್ದು, ಇಲ್ಲವೇ ಬ್ಯಾಲೆನ್ಸ್ ಹಾಳಾದದ್ದು. ವಾಪಸು ಇಡಿ.

ದಾರೂಖಾನಾದ ದಾರಿ ಹಿಡಿಯಿರಿ ಎನ್ನುವುದು ಇದಕ್ಕೇ. ಹಾರ್ಬರ್ ಲೈನಿನಲ್ಲಿ ರೇ ರೋಡ್ ಸ್ಟೇಷನ್ನಿಗೆ ಇಳಿದರೆ ಹಡಗು ಒಡೆದ ಮಾಲಿನ ಗಲ್ಲಿಗಳು. ಹಳೇ ಹಡಗುಗಳ ವಿದ್ಯುತ್ತು 110 ಇಲ್ಲವೇ 220 ವೋಲ್ಟ್ ಡಿಸಿ. ಸಮುದ್ರದ ಮೇಲೆ ತೂಕದ ಮೀಟರ್ ಇಟ್ಟು ಪ್ರಯೋಜನವಿಲ್ಲ, ಹಾಗಾಗಿ ಹಡಗಿನ ಮೀಟರೆಂದರೆ ಸ್ಪ್ರಿಂಗು, ಸರಿಯಾದ ಬ್ಯಾಲೆನ್ಸು, ನೀರಾವಿ ತಡೆಯುವ ಡಬ್ಬಿ. ಎಂಜಿನ್ನಿಗೆ ಬೇಕಾದ ಮೂರೂ ಗುಣ ಅದರಲ್ಲಿದೆ. ಚೋರ್ ಬಜಾರಿಗೆ ಬರುವ ಒಳ್ಳೇ ಮೀಟರುಗಳಲ್ಲಿ ಒಂದು ಪಾಲು ಇಲ್ಲಿಂದ ಹೋಗಿ ಪಾಲಿಶ್ ಆಗಿ ಕೂತದ್ದೇ. ಮೂಲದಲ್ಲೇ ಹಿಡಿದರೆ ಹಿತ್ತಾಳೆಯ ತೂಕದ ಲೆಕ್ಕದಲ್ಲಿ ಮಾತಾಡಬಹುದು. ಮಟನ್ ಸ್ಟ್ರೀಟಿಗೇ ಹೋಗುವುದಾದರೆ ಶುಕ್ರವಾರ ಬಿಟ್ಟು ಹೋಗಿ. ಅಂದು ಖಾಯಂ ಅಂಗಡಿಗಳು ಮುಚ್ಚಿ, ಬೆಳಗಿನ ಜಾವ ಬೀದಿಯಲ್ಲಿ ಜುಮ್ಮಾ ಬಜಾರ್ ಹರಡಿರುತ್ತದೆ. ಅದರಲ್ಲೂ ಅದೃಷ್ಟ ಉಂಟು, ಆದರೆ ಟಾರ್ಚ್ ಬೇಕು. ಪುಣೆಯವರಿಗೆ ಬುಧವಾರ, ಭಾನುವಾರದ ಜೂನಾ ಬಜಾರ್. ರೈಲು ಬೋಗಿಗಳ ದೀಪದ ವ್ಯವಸ್ಥೆ ಮೊದಲು 24, ಆಮೇಲೆ 110 ವೋಲ್ಟ್ ಡಿಸಿ. ಗುಜರಿಯಲ್ಲಿ ಆ ಮೀಟರ್ ಕಂಡರೆ ಬಿಡಬೇಡಿ. ಲೋಕಲ್ ರೈಲಿನ 1500 ವೋಲ್ಟ್ ಡಿಸಿ ಕಾಲದ ಮೀಟರ್ ಮಾತ್ರ ನೋಡಲು ಚಂದ, ನಮ್ಮ ಕೆಲಸಕ್ಕಲ್ಲ.

ಯಾವ ಜಾತಿಯ ಮೀಟರ್ ಎಂಬುದು ಡಯಲಿನಲ್ಲೇ ಇರುತ್ತದೆ. ಸ್ಕೇಲಿನ ಗೆರೆಗಳು ಸೊನ್ನೆಯಿಂದ ಕೊನೆಯವರೆಗೆ ಸಮನಾಗಿದ್ದರೆ ಮೂವಿಂಗ್ ಕಾಯಿಲ್ (ಅಯಸ್ಕಾಂತದ ನಡುವೆ ಸುರುಳಿಯೇ ತಿರುಗುವಂಥದ್ದು), ಡಿಸಿಗೆ ಮಾತ್ರ, ಪ್ಲಸ್–ಮೈನಸ್ ಉಂಟು. ಶುರುವಿನಲ್ಲಿ ಗೆರೆಗಳು ಒತ್ತೊತ್ತಾಗಿ ಮುಂದೆ ಬಿಡಿಬಿಡಿಯಾದರೆ ಮೂವಿಂಗ್ ಐರನ್, ಎಸಿ ಡಿಸಿ ಎರಡಕ್ಕೂ ಓದುತ್ತದೆ. ಹಳೇ ಬ್ರಿಟಿಷ್ ಡಯಲುಗಳಲ್ಲಿ ಇದನ್ನು ಅಕ್ಷರದಲ್ಲೇ ಬರೆದಿರುತ್ತಾರೆ; ಆಮೇಲಿನವುಗಳಲ್ಲಿ ಚಿಹ್ನೆ, ಲಾಳಾಕಾರದ ಅಯಸ್ಕಾಂತ ಇದ್ದರೆ ಕಾಯಿಲ್. ನಮ್ಮ ಮತ ಕೇಳಿದರೆ ವೋಲ್ಟ್‌ಮೀಟರ್ ಮೂವಿಂಗ್ ಕಾಯಿಲ್ ಇರಲಿ, ಆಮ್ಮೀಟರ್ ಮೂವಿಂಗ್ ಐರನ್ ಆದರೂ ಚಿಂತೆಯಿಲ್ಲ. ಐರನ್ ಆಮ್ಮೀಟರಿನಲ್ಲಿ ಪೂರ್ತಿ ಕರೆಂಟು ಅದರ ದಪ್ಪ ತಾಮ್ರದ ಸುರುಳಿಯಲ್ಲೇ ಹರಿಯುತ್ತದೆ, ಷಂಟಿನ (ಕರೆಂಟಿನ ಹೆಚ್ಚಿನ ಪಾಲನ್ನು ಮೀಟರಿನ ಹೊರಗೇ ಹಾಯಿಸುವ ಲೋಹದ ತುಂಡಿನ) ತಲೆನೋವಿಲ್ಲ. 60 ಆಂಪಿಯರಿಗೆ 16 ಚದರ ಮಿಲಿಮೀಟರಿನ ಕೇಬಲನ್ನು ಪ್ಯಾನೆಲ್‌ವರೆಗೂ ಎಳೆಯಬೇಕು, ಅಷ್ಟೇ. ವೋಲ್ಟ್‌ಮೀಟರ್ ಕಾಯಿಲ್‌ನದೇ ಯಾಕೆ ಎಂಬುದು ಕೊನೆಗೆ ಬರುತ್ತದೆ.

ಅಂಗಡಿಯವನು ‘ಚಾಲೂ ಹೈ ಸೇಠ್’ (ಕೆಲಸ ಮಾಡುತ್ತದೆ) ಎಂದರೆ ಮುಳ್ಳು ಅಲ್ಲಾಡುತ್ತದೆ ಎಂದಷ್ಟೇ ಅರ್ಥ. ಚೀಲದಲ್ಲಿ ಮಲ್ಟಿಮೀಟರು, ಒಂದು 1.5 ವೋಲ್ಟಿನ ಸೆಲ್ಲು, 9 ವೋಲ್ಟಿನ 5 ಬ್ಯಾಟರಿ, 1000 ಓಮ್ ಮತ್ತು 100 ಓಮಿನ ರೆಸಿಸ್ಟರು, ಒಂದು ಗೇಣು ತಾಮ್ರದ ತಂತಿ ಇರಲಿ. ಷಂಟ್ ಬಿಚ್ಚಿದ ಮೂವಿಂಗ್ ಕಾಯಿಲ್ ಆಮ್ಮೀಟರಿಗೆ ಬ್ಯಾಟರಿಯೂ ಬೇಕಿಲ್ಲ. ಮೀಟರನ್ನು ಕೈಯಲ್ಲಿ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ತಿರುವಿ, ಮುಳ್ಳು ತೂಗಾಡುವುದನ್ನು ನೋಡಿಕೊಳ್ಳಿ. ಈಗ ಹಿಂದಿನ ಎರಡು ಟರ್ಮಿನಲ್ಲಿಗೆ ತಂತಿ ಸುತ್ತಿ ಒಂದಾಗಿಸಿ, ಅದೇ ಥರ ತಿರುವಿ. ಮುಳ್ಳು ಜೇನಿನಲ್ಲಿ ಅದ್ದಿದ ಹಾಗೆ ನಿಧಾನವಾದರೆ ಕಾಯಿಲ್ ತುಂಡಾಗಿಲ್ಲ, ಅಯಸ್ಕಾಂತವೂ ಬದುಕಿದೆ. ವ್ಯತ್ಯಾಸವೇ ಕಾಣದಿದ್ದರೆ ಒಳಗೆ ಎಲ್ಲೋ ಕಡಿದಿರಬಹುದು. ಒಳಗೇ ದೊಡ್ಡ ರೆಸಿಸ್ಟೆನ್ಸ್ ಇರುವ ವೋಲ್ಟ್‌ಮೀಟರಿಗೆ ಈ ಉಪಾಯ ನಡೆಯುವುದಿಲ್ಲ.

ಆಮೇಲೆ ಸೆಲ್ಲು. ಮೊದಲು 1000 ಓಮ್ ಮೂಲಕ ಮುಟ್ಟಿಸಿ, ಮುಳ್ಳು ಸ್ವಲ್ಪ ಏಳಬೇಕು. ಆನಂತರ 100 ಓಮ್. 25 ಮಿಲಿಆಂಪಿಯರಿಗೆ ಪೂರ್ತಿ ಏಳುವ, 3 ಓಮಿನ ಮೀಟರಾದರೆ 60ರ ಸ್ಕೇಲಿನಲ್ಲಿ 35ರ ಆಸುಪಾಸು ನಿಲ್ಲುತ್ತದೆ. ಹಳೇ ಮುಳ್ಳಿನ ಮಲ್ಟಿಮೀಟರಿನ ಓಮ್ ರೇಂಜನ್ನು ನೇರವಾಗಿ ಹಚ್ಚಬೇಡಿ; ಕೆಳಗಿನ ರೇಂಜಿನಲ್ಲಿ ಅದು ಹರಿಸುವ ಕರೆಂಟಿಗೆ ಮುಳ್ಳು ಗೂಟಕ್ಕೆ ಹೊಡೆಯುತ್ತದೆ. ವೋಲ್ಟ್‌ಮೀಟರಿಗೆ 9 ವೋಲ್ಟಿನ ಬ್ಯಾಟರಿಗಳನ್ನು ಒಂದರ ತಲೆಗೆ ಒಂದು ಸಿಕ್ಕಿಸಿ 45 ಮಾಡಿಕೊಳ್ಳಿ. ಕಾಯಿಲ್ ಮೀಟರ್ ಒಂದೇ ಬ್ಯಾಟರಿಗೂ 9 ತೋರಿಸಬೇಕು. ಐರನ್ ಮೀಟರ್ 9ಕ್ಕೆ ಮಿಸುಕುವುದಿಲ್ಲ, ಅದನ್ನು ಕೆಟ್ಟಿದೆ ಎಂದು ತಳ್ಳಬೇಡಿ, 45 ಕೊಟ್ಟು ನೋಡಿ.

ಮಿಲ್ಲುಗಳ ಪ್ಯಾನೆಲ್ಲಿನಿಂದ ಬಿಚ್ಚಿದ ಮೀಟರುಗಳಲ್ಲಿ ಒಂದು ಮೋಸವಿದೆ, ಒಂದು ಲಾಭವಿದೆ. ಮೋಸ ಇದು: ಡಯಲಿನಲ್ಲಿ 0–300 ಆಂಪಿಯರ್ ಎಂದು ದೊಡ್ಡದಾಗಿ, ಮೂಲೆಯಲ್ಲಿ ಇರುವೆಯಂತೆ ‘ಸಿಟಿ 300/5’ ಎಂದು. ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, 300 ಆಂಪಿಯರನ್ನು ಮೀಟರಿಗೆ 5 ಮಾಡಿ ಕೊಡುವಂಥದ್ದು. ಒಳಗಿರುವುದು 5 ಆಂಪಿಯರಿನ ಐರನ್ ಮೀಟರ್. ಅದನ್ನು ನೇರವಾಗಿ 45 ಆಂಪಿಯರಿಗೆ ಜೋಡಿಸಿದರೆ ಹೊಗೆ. ಡಿಸಿ ಷಂಟು ಹಚ್ಚಿದರೂ ಅದರ 75 ಮಿಲಿವೋಲ್ಟಿಗೆ ಅದು ಓದುವುದಿಲ್ಲ. ಲಾಭ: 11 ಸಾವಿರ ವೋಲ್ಟಿನ ಪ್ಯಾನೆಲ್ಲಿನ 0–15 ಕಿಲೋವೋಲ್ಟ್ ಮೀಟರ್. ಮೂಲೆಯಲ್ಲಿ ‘ಪಿಟಿ 11000/110’ (ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್) ಎಂದಿದ್ದರೆ ಒಳಗಿರುವುದು 150 ವೋಲ್ಟಿನ ಮೂವಿಂಗ್ ಐರನ್ ಮೀಟರೇ. ಕಿಲೋವೋಲ್ಟಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಮ್ಮ ವೋಲ್ಟು: 11 ಇದ್ದಲ್ಲಿ 110. ಕಿಲೋವೋಲ್ಟ್ ಮೀಟರ್ ಮನೆಗೆ ಒಯ್ಯುವವರು ಯಾರೂ ಇಲ್ಲ, ಅದಕ್ಕೇ ಅಗ್ಗ. ಡಿಸಿಯಲ್ಲಿ ಏರುವಾಗ ಒಂದು, ಇಳಿಯುವಾಗ ಒಂದು ಎಂದು ಅಲ್ಪ ಹೆಚ್ಚುಕಡಿಮೆ ತೋರಿಸುತ್ತದೆ. ದೀಪದ ಕೆಲಸಕ್ಕೆ ಪರವಾಗಿಲ್ಲ. ಹಳೇ ಡಯಲನ್ನು ಕೆರೆಯಬೇಡಿ. ಸ್ಕ್ಯಾನ್ ಮಾಡಿ, ಅಂಕಿ ಮಾತ್ರ ಬದಲಿಸಿ, ಮ್ಯಾಟ್ ಕಾಗದದಲ್ಲಿ ಅಚ್ಚು ಹಾಕಿಸಿ ಅರ್ಧ ಮಿಲಿಮೀಟರಿನ ಅಲ್ಯೂಮಿನಿಯಂ ತಗಡಿಗೆ ಅಂಟಿಸಿ ಮೇಲೆ ಕೂರಿಸಿ. ಮೂಲ ಡಯಲ್ ಹಿಂದೆ ಭದ್ರ.

ನಕಲಿ ಮಾಲು ಹಿಡಿಯುವುದಕ್ಕೆ ಸ್ಕ್ರೂ ನೋಡಿ. ಹಳೇ ಬ್ರಿಟಿಷ್ ಮೀಟರಿನ ಸ್ಕ್ರೂಗೆ ಒಂದೇ ಗೀಟಿನ ತಲೆ, ಬಿಎ (ಬ್ರಿಟಿಷ್ ಅಸೋಸಿಯೇಷನ್ ಅಳತೆಯ) ತ್ರೆಡ್ಡು. ಪ್ಲಸ್ ತಲೆಯ ಸ್ಕ್ರೂ, ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿ ಚುಕ್ಕಿಯಾಗಿ ಕಾಣುವ ಡಯಲು, ಸಂದಿ ಸಂದಿಯಲ್ಲೂ ಒಂದೇ ಬಣ್ಣಕ್ಕೆ ಕಪ್ಪಾದ ಹಿತ್ತಾಳೆ ಇದ್ದರೆ ಹೊಸ ಎರಕದೊಳಗೆ ಇಂದಿನ ಅಗ್ಗದ ಮೀಟರ್ ಕೂರಿಸಿದ್ದಾರೆ. ‘ಲಂಡನ್’ ಎಂಬ ಅಕ್ಷರ ಎಷ್ಟು ದೊಡ್ಡದೋ ಅನುಮಾನವೂ ಅಷ್ಟು ದೊಡ್ಡದಿರಲಿ. ಇನ್ನೊಂದು ಎಚ್ಚರಿಕೆ ಹಣದ್ದಲ್ಲ, ಜೀವದ್ದು. ಹಡಗು, ವಿಮಾನದ ಮೀಟರಿನ ಅಂಕಿ ಮತ್ತು ಮುಳ್ಳಿನ ಮೇಲೆ ಕಂದು ಹಳದಿ, ಹಪ್ಪಳದಂತೆ ಏಳುತ್ತಿರುವ ಬಣ್ಣ ಇದ್ದರೆ ಅದು ರೇಡಿಯಂ ಇರಬಹುದು. ಕತ್ತಲಲ್ಲಿ ಈಗ ಹೊಳೆಯದಿದ್ದರೂ ರೇಡಿಯಂನ ಅರ್ಧಾಯುಷ್ಯ 1600 ವರ್ಷ. ಗಾಜು ತೆಗೆಯಬೇಡಿ, ಉಜ್ಜಬೇಡಿ, ಕೊಳ್ಳಲೂ ಬೇಡಿ.

ಷಂಟಿನ ವಿಷಯಕ್ಕೆ ಬಂದರೆ, ಮೂವಿಂಗ್ ಕಾಯಿಲ್ ಆಮ್ಮೀಟರಿಗೂ ಅದರ ಷಂಟಿಗೂ ಒಂದೇ ನಂಬರು ಕೊರೆದಿರುವುದು ಸಾಮಾನ್ಯ. ಅಂಗಡಿಯವನು ಮೀಟರನ್ನು ಕಪಾಟಿನಲ್ಲಿಟ್ಟು ಷಂಟನ್ನು ‘ಪೀತಲ್’ (ಹಿತ್ತಾಳೆ) ಎಂದು ಗುಜರಿಗೆ ಹಾಕಿರುತ್ತಾನೆ. ಎರಡು ಹಿತ್ತಾಳೆ ಗಟ್ಟಿಗಳ ನಡುವೆ ಕಂದು ಬಣ್ಣದ ಮ್ಯಾಂಗನಿನ್ (ಬಿಸಿಗೆ ಓಮು ಹೆಚ್ಚು ಬದಲಾಗದ ಮಿಶ್ರಲೋಹ) ಪಟ್ಟಿಗಳ ತುಂಡು ಅದು, ಬುಟ್ಟಿಯಲ್ಲಿ ಹುಡುಕಿಸಿ. ಪಟ್ಟಿಯಲ್ಲಿ ಗರಗಸದ ಗೀಟು ಕಂಡರೆ ಗಾಬರಿ ಬೇಡ, ಕಾರ್ಖಾನೆಯಲ್ಲಿ ಅಳತೆ ಹೊಂದಿಸಿದ್ದು. ಸಿಗಲೇ ಇಲ್ಲವೆಂದರೆ ಲೋಹಾರ್ ಚಾಳಿನಲ್ಲಿ 60 ಆಂಪಿಯರ್, 75 ಮಿಲಿವೋಲ್ಟಿನ ಹೊಸ ಷಂಟ್ ಕೇಳಿ. ಮೀಟರ್ 10 ಮಿಲಿಆಂಪಿಯರಿಗೆ ಪೂರ್ತಿ ಏಳುವ 5 ಓಮಿನದಾದರೆ ಅದಕ್ಕೆ ಬೇಕಾದ್ದು 50 ಮಿಲಿವೋಲ್ಟ್ ಮಾತ್ರ, ಸರಣಿಯಲ್ಲಿ 2.5 ಓಮಿನ ಮ್ಯಾಂಗನಿನ್ ಇಲ್ಲವೇ ಯುರೇಕಾ ತಂತಿ ಸೇರಿಸಿದರೆ 75ಕ್ಕೆ ಕೂರುತ್ತದೆ. ತಾಮ್ರದ ತಂತಿ ಸುತ್ತಬೇಡಿ, ಬಿಸಿಗೆ ಅದರ ಓಮು ಏರುತ್ತದೆ. ಷಂಟಿನಿಂದ ಮೀಟರಿಗೆ ಹೋಗುವ ತಂತಿಯೂ ಲೆಕ್ಕದೊಳಗೇ. 3 ಓಮಿನ ಮೀಟರಿಗೆ ಅರ್ಧ ಚದರ ಮಿಲಿಮೀಟರಿನ ತಂತಿ ಹೋಗಿ ಬರಲು ಸೇರಿ 4 ಮೀಟರ್ ಎಳೆದರೆ 0.15 ಓಮ್ ಹೆಚ್ಚಾಗಿ ಮುಳ್ಳು ಸುಮಾರು 5 ಪರ್ಸೆಂಟ್ ಕಡಿಮೆ ತೋರಿಸುತ್ತದೆ. ಮೀಟರಿನ ಜೊತೆಗೆ ಹಳೇ ತಂತಿ ಸಿಕ್ಕರೆ ಉದ್ದವಾಯಿತೆಂದು ಕತ್ತರಿಸದೆ ಸುರುಳಿ ಸುತ್ತಿಡಿ.

ಷಂಟ್ ಸರಿಯಿದೆಯೇ ಎಂದು ನೋಡಲು ಕಾರಿನ ಬ್ಯಾಟರಿ, 12 ವೋಲ್ಟ್ 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಸಾಕು. ಎರಡನ್ನೂ ಪ್ಯಾರಲಲ್ ಮಾಡಿದರೆ 9 ಆಂಪಿಯರ್ ಆಸುಪಾಸು. ನಿಖರ ಎಷ್ಟೆಂದು ಮಲ್ಟಿಮೀಟರಿನ 10 ಆಂಪಿಯರ್ ರೇಂಜಿನಲ್ಲಿ ಕೆಲವೇ ಸೆಕೆಂಡು ನೋಡಿ. 9 ಇದ್ದರೆ ಷಂಟಿನ ಸಣ್ಣ ಸ್ಕ್ರೂಗಳ ನಡುವೆ 11.25 ಮಿಲಿವೋಲ್ಟ್ ಬರಬೇಕು. ದಪ್ಪ ಬೋಲ್ಟಿನ ಮೇಲೆ ಅಳೆದರೆ ಜೋಡಣೆಯ ರೆಸಿಸ್ಟೆನ್ಸೂ ಸೇರಿ ತಪ್ಪು ಬರುತ್ತದೆ.

ರಿಪೇರಿಯಲ್ಲಿ ಮಾಡಬಾರದ್ದೇ ಹೆಚ್ಚು. ಮುಳ್ಳು ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಹೆಚ್ಚಾಗಿ ಅಯಸ್ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿ. ಗ್ರೈಂಡರ್ ಓಡುವ ಗಲ್ಲಿಯಲ್ಲಿ ವರ್ಷಗಟ್ಟಲೆ ಗಾಜಿಲ್ಲದೆ ಬಿದ್ದಿದ್ದರೆ ಇನ್ನೇನು. ಕಾಗದದ ಸಪೂರ ಪಟ್ಟಿಗೆ ಸೆಲ್ಲೋಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ ಸಂದಿಯಲ್ಲಿ ಆಡಿಸಿ ತೆಗೆಯಿರಿ. ಪಿವಟ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವವರಿದ್ದಾರೆ. ಹರಳಿನ ಮೇಲೆ ತಿರುಗುವ ಪಿವಟ್ ಒಣಗಿಯೇ ಇರಬೇಕು, ಎಣ್ಣೆ ಬಿದ್ದರೆ ಧೂಳು ಮೆತ್ತಿ ನಿಲ್ಲುತ್ತದೆ. ಕಾಯಿಲ್ಲನ್ನು ಅಯಸ್ಕಾಂತದಿಂದ ಹೊರಗೆಳೆಯಬೇಡಿ. ಹಳೇ ಉಕ್ಕಿನ ಅಯಸ್ಕಾಂತ ನಡುವಿನ ಕಬ್ಬಿಣ ತೆಗೆದ ಕೂಡಲೇ ಬಲ ಕಳೆದುಕೊಳ್ಳುತ್ತದೆ, ಆಮೇಲೆ ಸ್ಕೇಲಿನುದ್ದಕ್ಕೂ ಕಡಿಮೆ ಓದುತ್ತದೆ. ಸ್ಕ್ರೂ ಕಳೆದಿದ್ದರೆ ನಾಗದೇವಿ ಸ್ಟ್ರೀಟಿನಲ್ಲಿ ಬಿಎ ಟ್ಯಾಪು, ಡೈ ವಿಚಾರಿಸಿ. 2 ಬಿಎ ಎಂದರೆ 4.7 ಮಿಲಿಮೀಟರ್ ದಪ್ಪ, 0.81 ಪಿಚ್ಚು, ಎಂ5 ತಿರುಪನ್ನು ಬಲವಂತವಾಗಿ ಹೊಗಿಸಿದರೆ ಹಿತ್ತಾಳೆಯ ತೂತು ಕಿತ್ತುಹೋಗುತ್ತದೆ.

220 ವೋಲ್ಟಿನ ಹಡಗಿನ 0–300 ಮೀಟರನ್ನು 150ಕ್ಕೆ ಇಳಿಸಬಹುದು. ಪೂರ್ತಿ ಮುಳ್ಳಿಗೆ 10 ಮಿಲಿಆಂಪಿಯರ್ ಎಳೆದರೆ ಒಟ್ಟು 30 ಸಾವಿರ ಓಮ್, ಅದನ್ನು 15 ಸಾವಿರ ಮಾಡಬೇಕು. ಐರನ್ ಮೀಟರಾದರೆ ಒಂದು ಬೆಲೆ ತೆರಬೇಕು: ಒಳಗಿನ ತಾಮ್ರದ ಸುರುಳಿ 2 ಸಾವಿರ ಓಮಿನದಾದರೆ ಈಗ ಒಟ್ಟಿನಲ್ಲಿ ಅದರ ಪಾಲು 13 ಪರ್ಸೆಂಟ್. ಬಾಯ್ಲರ್ ಪಕ್ಕ 40 ಡಿಗ್ರಿ ಬಿಸಿ ಏರಿದರೆ ಓದು ಸುಮಾರು 2 ಪರ್ಸೆಂಟ್ ಇಳಿಯುತ್ತದೆ.

ಹಾಗಾಗಿ ಪ್ಯಾನೆಲ್ ಚಿಮಣಿಯ ಹತ್ತಿರ ಬೇಡ, ಫೈರ್‌ಬಾಕ್ಸಿನ ತಗಡಿಗೂ ಬೇಡ. ಹಿಂದೆ, ಡ್ರೈವರ್ ನಿಲ್ಲುವಲ್ಲಿ ನೀರಿನ ತೊಟ್ಟಿಯ ಪಕ್ಕ ಸರಿ. ಸಾಗುವಾನಿಯ ಚೌಕಟ್ಟು, ಒಳಗೆ 10 ಮಿಲಿಮೀಟರಿನ ಹೈಲಂ ಶೀಟು (ವಿದ್ಯುತ್ ಹಾಯದ ಹಲಗೆ), ನಾಲ್ಕು ಮೂಲೆಗೆ ರಬ್ಬರ್ ಬುಶ್ಶು. ಹಳೇ ಕಲ್ಲಿನ ಫಲಕ ಸಿಕ್ಕರೆ ನೋಡಲು ಸೊಗಸು, ಆದರೆ ಕುಲುಕಿಗೆ ಬಿರಿಯುತ್ತದೆ. ಬೂದು ಸಿಮೆಂಟಿನಂಥ ಹಲಗೆಯಾದರೆ ಕಲ್ನಾರು ಇರಬಹುದು, ಅದಕ್ಕೆ ಡ್ರಿಲ್ ಹಚ್ಚಬೇಡಿ. ಪ್ಲಸ್ಸನ್ನಾಗಲಿ ಮೈನಸ್ಸನ್ನಾಗಲಿ ಎಂಜಿನ್ನಿನ ಮೈಗೆ ಕಟ್ಟದೆ ಎರಡನ್ನೂ ಬೇರೆಯಾಗಿಡಿ. ವೋಲ್ಟ್‌ಮೀಟರಿನ ಎರಡೂ ತಂತಿಗೆ ಬಸ್‌ಬಾರಿನ (ಕರೆಂಟು ಹಂಚುವ ಮುಖ್ಯ ಲೋಹದ ಪಟ್ಟಿಯ) ಹತ್ತಿರವೇ 1 ಆಂಪಿಯರಿನ ಡಿಸಿ ಫ್ಯೂಸು. ಮನೆಯ ಎಸಿ ಎಂಸಿಬಿಯನ್ನು 110 ವೋಲ್ಟ್ ಡಿಸಿಗೆ ಹಾಕಿದರೆ ಕಿಡಿ ಆರದೆ ಒಳಗೇ ಉರಿಯುತ್ತದೆ. ಮೀಟರನ್ನು ಲೋಕಲಿನಲ್ಲಿ ಡೊಂಬಿವಲಿಗೋ ಪುಣೆಗೋ ಒಯ್ಯುವಾಗ ಟರ್ಮಿನಲ್ಲುಗಳಿಗೆ ಆ ಗೇಣು ತಂತಿಯನ್ನೇ ಸುತ್ತಿಡಿ. ಷಂಟಿಲ್ಲದ ಕಾಯಿಲ್ ಆಮ್ಮೀಟರಿನ ಮುಳ್ಳು ಬಡಿದಾಡುವುದಿಲ್ಲ.

ಮೊದಲ ಓಟದಲ್ಲಿ ಮುಳ್ಳು ಹಿಂದಕ್ಕೆ ಬಾಗಬಹುದು. ಕಾಯಿಲ್ ಆಮ್ಮೀಟರ್ ಮಾತ್ರ ಹಿಂದಕ್ಕೆ ಹೋದರೆ ಷಂಟಿನ ಸಣ್ಣ ತಂತಿಗಳನ್ನು ಅದಲುಬದಲು ಮಾಡಿ, ದಪ್ಪ ಕೇಬಲ್ ಮುಟ್ಟಬೇಡಿ. ಜೋಡಣೆ ಸರಿಯಿದ್ದೂ ವೋಲ್ಟ್‌ಮೀಟರ್ ಹಿಂದಕ್ಕೆ ಹೋದರೆ ಡೈನಮೋದ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತ ಗುಣವೇ ಉಲ್ಟಾ ಆಗಿದೆ. ಮೂವಿಂಗ್ ಐರನ್ ಆಗಿದ್ದರೆ ಇದನ್ನು ಹೇಳುತ್ತಲೇ ಇರಲಿಲ್ಲ, ಸುಮ್ಮನೆ 110 ತೋರಿಸುತ್ತಿತ್ತು. ಪ್ಯಾನೆಲ್ಲಿಗೆ ಬ್ಯಾಟರಿ ಸೇರಿಸಿದ್ದರೆ ಕೇಬಲ್ ಸುಟ್ಟ ಮೇಲೆ ತಿಳಿಯುತ್ತಿತ್ತು. ಸರಿಪಡಿಸಲು ಎಂಜಿನ್ ನಿಲ್ಲಿಸಿ, ಲೋಡು ಬಿಡಿಸಿ, ಬ್ರಶ್ಶುಗಳ ಕೆಳಗೆ ಒಣ ಕಾಗದ ತೂರಿಸಿ, 12 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಫೀಲ್ಡಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ನಾಲ್ಕೈದು ಸೆಕೆಂಡು ಹಿಡಿಯಿರಿ. ಬಿಡಿಸುವಾಗ ಕಿಡಿ ಜೋರಾಗಿ ಹಾರುತ್ತದೆ, ಕೈ ಲೋಹಕ್ಕೆ ತಾಗದಿರಲಿ. ಕಾಗದ ತೆಗೆದು ಬೆಲ್ಟ್ ಹಾಕಿ, ವೋಲ್ಟ್‌ಮೀಟರಿನ ಮುಳ್ಳು ಈಗ ಬಲಕ್ಕೆ ಹೊರಡುತ್ತದೆ.